ಐದನೇ ಬೋಗಿ

ಲಾಸ್ ತೆರೋಸ್ ಸ್ಟೇಷನ್ನಿನ ಪ್ಲಾಟ್‌ಫಾರ್ಮು ಎರಡು ಬೋಗಿಯಷ್ಟೇ ಉದ್ದ. ರೈಲಿಗೆ ಬೋಗಿ ಐದು. ಎವರಿಸ್ತೊ ಕೂತದ್ದು ಐದನೆಯದರಲ್ಲಿ.

ಬ್ಯೂನಸ್ ಐರಿಸ್‌ನ ರೈಲು ನಿಲ್ದಾಣದಲ್ಲಿ ಇಪ್ಪತ್ತು ವರ್ಷ, ಪ್ರಯಾಣಿಕರು ಮರೆತುಹೋದ ಛತ್ರಿಗಳನ್ನು ಕಾದವನು ಅವನು. ಇವತ್ತು ಮಧ್ಯಾಹ್ನ ಹನ್ನೆರಡರೊಳಗೆ ಲಾಸ್ ತೆರೋಸ್‌ನ ಸ್ಟೇಷನ್ ಮಾಸ್ಟರಾಗಿ ಸಹಿ ಹಾಕಬೇಕು. ತಪ್ಪಿದರೆ ಮತ್ತೆ ಛತ್ರಿಗಳೇ. ತೊಡೆಯ ಮೇಲೆ ಹೊಸ ಟೋಪಿಯ ಪೆಟ್ಟಿಗೆ.

ರೈಲು ನಿಂತಿತು. ಬಾಗಿಲು ತೆಗೆದರೆ ಕೆಳಗೆ ಕೆಸರಿನ ಹಳ್ಳ, ಅದರಾಚೆ ಒಂದು ಹಸು. ಕರೆಯದೆ ಊಟಕ್ಕೆ ಬಂದ ನೆಂಟನನ್ನು ನೋಡುವಂತೆ ಅದು ಇವನನ್ನು ನೋಡಿತು.

“ಹಾರ್ಬೇಡ ಕಣಪ್ಪಾ, ಒಳ್ಳೇ ಸೂಟು!” ಎಂದಳು ಎರ್ಮೆಲಿಂದಾ. ಆ ಲೈನಿನ ರೈಲುಗಳಲ್ಲಿ ದಿನವಿಡೀ ಹತ್ತಿಳಿದು ಚಿಪಾ ಬನ್ನು ಮಾರುವ ಮುದುಕಿ.

“ಹಾರ್ಲಿ ಬಿಡಮ್ಮಾ, ಗಂಡಸಲ್ವಾ?” ಎಂದ ಎದುರು ಸೀಟಿನವನು.

ಅವರಿಬ್ಬರ ವಾದ ಮುಗಿಯುವ ಮೊದಲೇ ರೈಲು ಹೊರಟಿತು.

“ಇಲ್ಲಿ ಇಳಿಯೋರು ಮುಂದಿನ ಎರಡು ಬೋಗೀಲಿ ಕೂತ್ಕೋಬೇಕಪ್ಪಾ,” ಎಂದಳು ಎರ್ಮೆಲಿಂದಾ.

“ಮೊದಲೇ ಹೇಳೋಕೇನಾಗಿತ್ತು?”

“ನೀನು ಒಂದು ಬನ್ನು ತಗೊಂಡ್ಯಾ? ಮಾತಾಡಿಸಿದ್ಯಾ?”

ಮುಂದಿನದೇ ಕೊನೆಯ ಸ್ಟೇಷನ್, ಬಾನ್ಯಾಡೊ. ರೈಲು ಅರ್ಧ ಗಂಟೆ ನಿಂತು ಹಿಂತಿರುಗುತ್ತದೆ. ಎವರಿಸ್ತೊ ನೇರವಾಗಿ ಕೌಂಟರಿಗೆ ಹೋಗಿ ದೂರಿನ ಪುಸ್ತಕ ಕೇಳಿದ. ಪುಟ ತುಂಬ ಬರೆದ: ಬೋಗಿಯ ವಿಷಯ ತಿಳಿಸುವ ಒಂದು ಫಲಕವನ್ನೂ ಹಾಕಿಸದ ಲಾಸ್ ತೆರೋಸ್ ಸ್ಟೇಷನ್ ಮಾಸ್ಟರನ್ನು ಇಂದೇ ಕೆಲಸದಿಂದ ತೆಗೆಯಬೇಕು. ‘ಇಂದೇ’ ಎಂಬುದರ ಕೆಳಗೆ ಎರಡು ಗೆರೆ ಎಳೆದ. ಆ ಮಾಸ್ಟರು ಹೇಗೂ ಇವತ್ತು ನಿವೃತ್ತನಾಗುವವನು. ಕೊನೆಯ ದಿನವಾದರೂ ಬುದ್ಧಿ ಬರಲಿ.

ಆಮೇಲೆ ಹೋಗಿ, ಬಾನ್ಯಾಡೊಗೆ ಬರುವಾಗ ಎಲ್ಲಕ್ಕಿಂತ ಮುಂದಿದ್ದ ಬೋಗಿಯಲ್ಲೇ ಗಟ್ಟಿಯಾಗಿ ಕೂತ. ಅವನು ಗೆರೆ ಎಳೆಯುತ್ತಿದ್ದಾಗ ಎಂಜಿನ್ನನ್ನು ಬಿಚ್ಚಿ ಇನ್ನೊಂದು ತುದಿಗೆ ಕಟ್ಟಿದ್ದರು.

ಲಾಸ್ ತೆರೋಸ್ ಬಂತು. ಬಾಗಿಲು ತೆಗೆದರೆ ಹಳ್ಳ. ಹಸುವೂ ಮೇಯುತ್ತ ಈ ತುದಿಗೇ ಬಂದಿತ್ತು.

ಈ ಸಲ ಎವರಿಸ್ತೊ ಯಾರ ಮಾತಿಗೂ ಕಾಯಲಿಲ್ಲ. ಪೆಟ್ಟಿಗೆಯನ್ನು ತಲೆಯ ಮೇಲೆತ್ತಿ ಹಾರಿದ. ಸೊಂಟದವರೆಗೆ ಕೆಸರು, ಒಂದು ಬೂಟು ಅಲ್ಲೇ ಉಳಿಯಿತು. ಹನ್ನೆರಡಕ್ಕೆ ಮೂರು ನಿಮಿಷವಿರುವಾಗ ಸಹಿ ಹಾಕಿದ. ಹಳೆಯ ಮಾಸ್ಟರು ಬೀಗದ ಕೈ ಕೊಟ್ಟು, ಸೈಕಲ್ ಹತ್ತಿ, ಹಿಂತಿರುಗಿ ನೋಡದೆ ಹೋದ.

ಎವರಿಸ್ತೊ ಟೋಪಿ ಹಾಕಿಕೊಂಡನೋ ಇಲ್ಲವೋ, ಫೋನು ಬಡಿದುಕೊಂಡಿತು. ಬಾನ್ಯಾಡೊದ ಮೇಲಧಿಕಾರಿ.

“ನಿಮ್ಮ ಮೇಲೊಂದು ದೂರು ಬಂದಿದೆ ಕಣ್ರೀ.”

“ಅದು ಹಳೇ ಮಾಸ್ಟರ್ ಮೇಲೆ ಸಾರ್!”

“ನಿಮ್ಮ ನೇಮಕದ ಕಾಗದ ಓದ್ಕೊಳ್ಳಿ. ಬೆಳಿಗ್ಗೆ ಆರು ಗಂಟೆಯಿಂದ್ಲೇ ನೀವು ಮಾಸ್ಟರು.”

ಎವರಿಸ್ತೊ ಟೋಪಿ ತೆಗೆದ. “ದೂರು ಬರೆದವನೂ ನಾನೇ ಸಾರ್. ವಾಪಸ್ ತಗೋತೀನಿ.”

“ಅಷ್ಟೇ ತಾನೆ? ಪುಸ್ತಕ ಸಂಜೆ ರಾಜಧಾನಿಗೆ ಹೋಗುತ್ತೆ. ಅಷ್ಟರೊಳಗೆ ಇಲ್ಲಿಗೆ ಬಂದು ಅದರಲ್ಲೇ ಸಹಿ ಹಾಕ್ಬಿಡಿ.”

“ಮುಂದಿನ ರೈಲಿಗೇ ಬಂದೆ ಸಾರ್!”

“ಬಂದ್ರೆ ಕೆಲಸ ಹೋಯ್ತು. ರಾತ್ರಿ ಕೊನೇ ರೈಲು ಹೋಗೋವರೆಗೂ ಮಾಸ್ಟರು ಸ್ಟೇಷನ್ ಬಿಟ್ಟು ಕದಲೋ ಹಾಗಿಲ್ಲ.”

ಎರಡು ಗಂಟೆಗೆ ಬಾನ್ಯಾಡೊಗೆ ಹೋಗುವ ರೈಲು ಬಂದು ನಿಂತಿತು. ಮೊದಲನೇ ಬೋಗಿಯ ಬಾಗಿಲು ಸರಿಯಾಗಿ ಎವರಿಸ್ತೊನ ಮೂಗಿನ ನೇರಕ್ಕೆ. ಎರ್ಮೆಲಿಂದಾ ಬುಟ್ಟಿ ಸಮೇತ ಹೊರಗೆ ಬಾಗಿದಳು.

“ಇದೇ ಕಣಪ್ಪಾ ಸರಿಯಾದ ಬೋಗಿ! ಹತ್ತು, ಹತ್ತು!”

ಎವರಿಸ್ತೊ ಒಂಟಿ ಬೂಟಿನಲ್ಲಿ ನೆಟ್ಟಗೆ ನಿಂತು, ರೈಲು ಹೊರಡುವ ಗಂಟೆ ಬಾರಿಸಿದ.