ಬೆಂಚಿಗೆ ಬಂದ ಹೋಂ ಡೆಲಿವರಿ

ನಯವಾಗಿ ಮಾತಾಡುವವರಿಗೆ ಇಲ್ಲ ಎನ್ನಲು ನನಗೆ ನಾಲಿಗೆಯೇ ಏಳುವುದಿಲ್ಲ. ಬಳ್ಳಾರಿಯ ಬ್ರೂಸ್‌ಪೇಟೆಯಲ್ಲಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾರುವವನು ನಾನು. ದಿನವಿಡೀ ಕಾದ ಎಣ್ಣೆಯ ಮುಂದೆ ನಿಂತರೂ ಮನಸ್ಸು ಮಾತ್ರ ಬೆಣ್ಣೆ. ಮನೆಮನೆಗೆ ಊಟ ಮುಟ್ಟಿಸುವ ಆ್ಯಪಿನ ಕಂಪನಿಯಿಂದ ಟೈ ಕಟ್ಟಿಕೊಂಡವರೊಬ್ಬರು ಬಂದು, ನೀವು ಕರೀತಾ ಇರಿ ಸಾಕು, ಮಿಕ್ಕಿದ್ದು ನಮಗೆ ಬಿಡಿ ಎಂದರು. ಬಿಟ್ಟೆ. ಬಿಲ್ಲಿನ ಕಾಲುಭಾಗಕ್ಕೂ ಹೆಚ್ಚು ಕಮಿಷನ್ನು ಅವರಿಗೆ ಹೋಯಿತು. ಅದರ ಮೇಲೆ ಗಿರಾಕಿಗೆ ಕೊಡುವ ಕೂಪನ್ನಿನ ರಿಯಾಯಿತಿಯೂ ನನ್ನ ತಲೆಗೇ ಬಂತು. ಹೀಗೇ ಆದರೆ ಉಗಾದಿ ಹೊತ್ತಿಗೆ ಬಾಣಲೆ ಬೋರಲು ಹಾಕಬೇಕಾಗುತ್ತದೆಂದು ನನ್ನ ಹೆಂಡತಿ ಮಾಬುನ್ನಿ ಹಿಟ್ಟು ಕಲಸುತ್ತಲೇ ಹೇಳಿದಳು. ಅವಳು ಹೇಳಿದ್ದು ಆಗದೇ ಇರುವುದು ಕಡಿಮೆ. ನನಗೆ ನಿಜಕ್ಕೂ ಭಯವಾಯಿತು.

ಆದರೂ ಆ್ಯಪು ಬಿಡಲು ಧೈರ್ಯ ಬರಲಿಲ್ಲ. ಧೈರ್ಯ ಕೊಟ್ಟವರು ವಿರೂಪಾಕ್ಷಪ್ಪ ಮಾಸ್ತರು. ಕುರುಗೋಡಿನಲ್ಲಿ ಪಾಠ ಹೇಳಿ ನಿವೃತ್ತರಾದ ಇವರು ದಿನಾ ಸಂಜೆ ನಮ್ಮ ಅಂಗಡಿಯ ಬೆಂಚಿನ ಮೇಲೆ ಕೂತು ಮಿರ್ಚಿ ತಿಂದು, ಉಪ್ಪು ಕಮ್ಮಿ ಎಂದು ಹೇಳಿ ಹೋಗುವವರು. ಒಂದು ಸಂಜೆ ಬಂದವರು ಏನೂ ಕೇಳದೆ ಮೊಬೈಲ್ ನೋಡುತ್ತಾ ಕೂತರು. ಅಷ್ಟರಲ್ಲಿ ಆ್ಯಪಿನಿಂದ ಒಂದು ಆರ್ಡರು ಬಂತು, ಕರಿದು ಕಟ್ಟಿದೆ. ಡೆಲಿವರಿಯವರು ಬೈಕಿನಲ್ಲಿ ಬಂದರು, ಪೊಟ್ಟಣ ತೆಗೆದುಕೊಂಡರು, ತಿರುಗಿ ನಿಂತು ಬೆಂಚಿನ ಮೇಲಿದ್ದ ಮಾಸ್ತರ ಕೈಗೆ ಕೊಟ್ಟರು.

ನಾನು ಮಿರ್ಚಿ ಎತ್ತುವ ಜಾರೆ ಹಿಡಿದವನು ಹಿಡಿದಂತೆಯೇ ನಿಂತೆ. ಮಾಸ್ತರು ನಿರಾಳವಾಗಿ ಗಂಟು ಬಿಚ್ಚಿದರು.

"ಏನ್ ಮಾಡ್ಲಿ ಹುಸೇನಿ, ಕೂಪನ್ ಬಂದಿತ್ತು. ಇಲ್ಲೇ ಕುಂತು ತರಿಸಿದ್ರ ಅಗ್ಗ ಬೀಳ್ತೈತಿ."

"ನಿಮಗ ಅಗ್ಗ ಆಗೋದು ನನ್ನ ರೊಕ್ಕದಾಗ್ರಿ ಮಾಸ್ತರ. ನಾಲ್ಕು ಹೆಜ್ಜಿ ದಾಟಿಸಿದ್ದಕ್ಕ ಕಾಲುಭಾಗ ಕೊಟ್ಟೀನಿ," ಎಂದೆ.

ಮಾಸ್ತರ ಬಾಯಲ್ಲಿದ್ದ ಮಿರ್ಚಿ ಅಲ್ಲೇ ನಿಂತಿತು. ರಿಯಾಯಿತಿ ಕಂಪನಿಯೇ ಕೊಡುತ್ತದೆಂದು ತಿಳಿದಿದ್ದರಂತೆ ಪಾಪ. ನಾನು ಅವರ ಎದುರಿಗೇ ಆ್ಯಪು ಬಂದ್ ಮಾಡಿದೆ. ಆಹಾ, ಅಂಥ ಸುಖ ನನ್ನ ಮದುವೆಯ ದಿನವೂ ಆಗಿರಲಿಲ್ಲ! ಇದನ್ನು ಮಾಬುನ್ನಿಗೆ ಯಾರೂ ಹೇಳಬೇಡಿ.

ಮನೆಯಲ್ಲೇ ಕೂತು ತರಿಸುವ ಗಿರಾಕಿಗಳ ಗತಿ ಏನೆಂಬ ಚಿಂತೆ ಮಾತ್ರ ಉಳಿದಿತ್ತು. ಮಾಸ್ತರ ಮನಸ್ಸಿಗೆ ಚುಚ್ಚಿತ್ತೋ ಏನೋ, ಹೇಗೂ ಮನೆಗೆ ಸ್ಕೂಟರಿನಲ್ಲಿ ಹೋಗುವವನು, ದಾರಿಯ ಮನೆಗಳಿಗೆ ಕೊಟ್ಟು ಹೋಗುತ್ತೇನೆಂದು ಅವರೇ ಮುಂದೆ ಬಂದರು. ಈಗ ಗಿರಾಕಿಗಳು ನನಗೇ ಫೋನ್ ಮಾಡುತ್ತಾರೆ. ಪೊಟ್ಟಣ ಬಿಸಿಯಾಗಿಯೇ ಮುಟ್ಟುತ್ತದೆ. ಅದನ್ನು ನೋಡಿ ಮಾಸ್ತರ ವಾಕಿಂಗ್ ಗೆಳೆಯರೂ ಒಂದೊಂದು ಓಣಿ ಹಂಚಿಕೊಂಡಿದ್ದಾರೆ. ಉಗಾದಿ ಬಂತು, ಹೋಯಿತು. ಬಾಣಲೆ ಒಲೆಯ ಮೇಲೇ ಇದೆ, ಪಕ್ಕಕ್ಕೆ ಇನ್ನೊಂದೂ ಬಂದಿದೆ. ಟೈ ಕಟ್ಟಿದವರು ಮತ್ತೆ ಬಂದಾಗ ಜೀವನದಲ್ಲಿ ಮೊದಲ ಸಲ ಇಲ್ಲ ಎಂದೆ. ಅವರಿಗೆ ಚಹಾ ಕುಡಿಸಿಯೇ ಅಂದೆ, ಅದು ಬೇರೆ ಮಾತು.

ಮಾಸ್ತರು ದುಡ್ಡು ಮುಟ್ಟುವುದಿಲ್ಲ. ಹೊರಡುವ ಮುಂಚೆ ಬಿಸಿ ಮಿರ್ಚಿ ತಿನ್ನುತ್ತಾರೆ, ಅಷ್ಟೇ. ಮೊದಲು ಒಂದು ತಿನ್ನುತ್ತಿದ್ದರು. ಈಗ ಗೆಳೆಯರನ್ನೂ ಕೂರಿಸಿಕೊಂಡು ತಟ್ಟೆ ಮುಂದೆ ಚಾಚುತ್ತಾರೆ. ಇವರೂ ಕಮಿಷನ್ ಏರಿಸಿದರಲ್ಲ, ಇವತ್ತು ಕೇಳಿಯೇ ಬಿಡಿ ಎಂದು ಮಾಬುನ್ನಿ ಕಣ್ಣಲ್ಲೇ ಸನ್ನೆ ಮಾಡಿದಳು. ಆ್ಯಪನ್ನೇ ಗೆದ್ದ ಗಂಡಸು, ಎದೆ ಸೆಟೆಸಿ ಬೆಂಚಿನ ಹತ್ತಿರ ಹೋದೆ.

"ಮಾಸ್ತರ, ಉಪ್ಪು ಸರಿ ಐತೇನ್ರಿ?" ಎಂದು ಕೇಳಿ ಬಂದೆ.