ಬಾಗಿಲ ಆಂಜನೇಯನ ಮೇಲೆ ಸಣ್ಣರಂಗಯ್ಯನು ಸಾರಿದ ಆರು ದಿನದ ಸಮರ

ಕೃತಯುಗದಲ್ಲಿ ದೇವತೆಗಳೂ ದೈತ್ಯರೂ ಕೂಡಿ ಕಡಲನ್ನು ಕಡೆದರು. ತ್ರೇತಾಯುಗದಲ್ಲಿ ಕಪಿವೀರರು ಕಡಲಿಗೆ ಸೇತುವೆ ಕಟ್ಟಿದರು. ದ್ವಾಪರದಲ್ಲಿ ಹದಿನೆಂಟು ಅಕ್ಷೌಹಿಣಿ ಸೈನ್ಯ ಒಂದೇ ಬಯಲಿನಲ್ಲಿ ಮಣ್ಣುಗೂಡಿತು. ದೊಡ್ಡ ಕೆಲಸಗಳೆಲ್ಲ ಹೀಗೆ ಮೊದಲೇ ಮುಗಿದುಹೋಗಿ, ಮಾಡಲು ಹೆಚ್ಚೇನೂ ಉಳಿಯದಿದ್ದ ಈ ಕಲಿಯುಗದಲ್ಲಿ, ಮಾಘ ಮಾಸದ ಒಂದು ಭಾನುವಾರ, ಮದ್ದನಕೋಟೆ ಎಂಬ ಊರಿನ ಹೈಸ್ಕೂಲು ಮೈದಾನದಲ್ಲಿ, ತಾಲ್ಲೂಕು ಕಬಡ್ಡಿಯ ಫೈನಲ್ ಪಂದ್ಯದಲ್ಲಿ, ಕೋಟೆಯ ತಂಡವು ಪೇಟೆಯ ತಂಡಕ್ಕೆ ಒಂದು ಅಂಕದಿಂದ ಸೋತಿತು.

ಎಲೌ ವಾಗ್ದೇವಿ, ಮೂವತ್ತೊಂದಕ್ಕೆ ಮೂವತ್ತು ಎಂಬ ಆ ಲೆಕ್ಕವನ್ನು ನುಡಿಯುವಾಗ ನಾಲಗೆ ತೊದಲದಂತೆ ಕಾಪಾಡು. ಸೋತವರ ಓಣಿಯಲ್ಲಿ ಹುಟ್ಟಿ ಬೆಳೆದ ನಾವೇ ಈ ಕಥೆಯನ್ನು ಹೇಳಬೇಕಾಗಿ ಬಂದಿದೆ. ಕಣ್ಣೊರೆಸಿಕೊಳ್ಳಲು ನಡುನಡುವೆ ಸ್ವಲ್ಪ ಬಿಡುವು ಕೊಡು.

ಈ ಕಥೆಯ ನಾಯಕನು ಆಡಿದವನಲ್ಲ, ನೋಡಿದವನು. ಸೂಚೀಖಡ್ಗಪಾಣಿ, ಕರ್ತರೀಕರವಾಲಧರ, ಅಳತೆಪಟ್ಟಿಯನ್ನೇ ಕಂಠಾಭರಣವಾಗಿ ತೊಟ್ಟವನು, ಒಂದು ಕೂಗಿಗೆ ಎದುರಾಳಿಯ ಉಸಿರು ಕಟ್ಟಿಸಬಲ್ಲ ಮೇಘಗಂಭೀರಕಂಠನು, ಕೋಟೆಯ ದರ್ಜಿ ಸಣ್ಣರಂಗಯ್ಯನು. ಮೂವತ್ತು ವರ್ಷಗಳಿಂದ ಕೋಟೆಯ ತಂಡದ ಚಡ್ಡಿ ಬನಿಯನ್‌ಗಳನ್ನು ಹೊಲಿದವನು ಅವನೇ. ಆಟಗಾರರು ಮೈದಾನಕ್ಕೆ ಇಳಿದರೆ ತನ್ನ ಹೊಲಿಗೆಯೇ ಇಳಿದಂತೆ ಅವನಿಗೆ.

ಅವನ ಮನೆ ಕೋಟೆಯೊಳಗೆ, ಅಂಗಡಿ ಹೊರಗಿನ ಪೇಟೆಯಲ್ಲಿ. ಇವೆರಡರ ನಡುವೆ ಇರುವುದು ಹಳೆಯ ಕಲ್ಲುಬಾಗಿಲು ಒಂದೇ. ಆ ಬಾಗಿಲ ಒಳಮಗ್ಗುಲಿಗೆ, ದಾರಿಗೆ ತೆರೆದ ಸಣ್ಣ ಕಂಬದ ಗುಡಿಯೊಳಗೆ, ಆಳೆತ್ತರದ ಬಂಡೆಯಲ್ಲಿ, ಬಾಲವನ್ನು ತಲೆಯ ಮೇಲೆ ಎತ್ತಿಕೊಂಡು ಬಾಗಿಲ ಆಂಜನೇಯ ನಿಂತಿದ್ದಾನೆ. ಕೋಟೆಯವರು ಅವನನ್ನು ತಮ್ಮವನೆಂದು ತಿಳಿದಿದ್ದಾರೆ. ಪೇಟೆಯವರೂ ಹಾಗೆಯೇ ತಿಳಿದಿದ್ದಾರೆಂಬುದು ಕೋಟೆಯವರಿಗೆ ಅಷ್ಟಾಗಿ ಹೊಳೆದಿರಲಿಲ್ಲ.

ಪಂದ್ಯದ ಹಿಂದಿನ ದಿನ ಶನಿವಾರ ಕೋಟೆಯವರು ಹೋಗಿ ಹೂ ಕೇಳಿದರು. ದೇವರ ಎರಡು ಭುಜಗಳ ಮೇಲೂ ಹೂವಿಟ್ಟು ಮನಸ್ಸಿನಲ್ಲಿರುವುದನ್ನು ಕೇಳಿಕೊಳ್ಳುವುದು. ಬಲಗಡೆಯ ಹೂ ಮೊದಲು ಬಿದ್ದರೆ ಆಗುತ್ತದೆ ಎಂದು, ಎಡಗಡೆಯದು ಬಿದ್ದರೆ ಇಲ್ಲ ಎಂದು. ಬಲಗಡೆಯದು ಬಿತ್ತು. ಕೇಳಿಕೊಂಡವನು ಸಣ್ಣರಂಗಯ್ಯನು. ಅವನು ಆ ಹೂವನ್ನು ಕಿವಿಗೆ ಸಿಕ್ಕಿಸಿಕೊಂಡೇ ಭಾನುವಾರ ಮೈದಾನಕ್ಕೆ ಹೋದನು. ಆಮೇಲೆ ಆದದ್ದನ್ನು ಮೇಲೆ ಹೇಳಿದ್ದೇವೆ, ಮತ್ತೊಮ್ಮೆ ಹೇಳಿಸಬೇಡಿ.

ಸೋಮವಾರ ಬೆಳಗಾಗುವಷ್ಟರಲ್ಲಿ ಕೋಟೆಯ ವೀರರು ತಮ್ಮ ತಮ್ಮ ಶಕ್ತಿಯಿದ್ದಷ್ಟು ದುಃಖವನ್ನು ಹೊತ್ತುಕೊಂಡಿದ್ದರು. ಒಬ್ಬರು ಪೇಪರು ತರಿಸುವುದನ್ನು ನಿಲ್ಲಿಸಿದರು. ಇನ್ನೊಬ್ಬರು ತಮಗೆ ಮೊದಲಿನಿಂದಲೂ ವಾಲಿಬಾಲೇ ಇಷ್ಟ ಎಂದರು. ಮತ್ತೊಬ್ಬರು ಮೈದಾನಕ್ಕೆ ನೀರು ಚಿಮುಕಿಸಿದವನು ಪೇಟೆ ಕಡೆಯವನೆಂದೂ, ನಮ್ಮ ಅರ್ಧಕ್ಕೆ ಹೆಚ್ಚು ನೀರು ಹಾಕಿದನೆಂದೂ, ದ್ವಿತೀಯಾರ್ಧದಲ್ಲಿ ಕಡೆ ಬದಲಾಯಿಸಿದ್ದನ್ನು ಮರೆತು, ಕೇಳಿದವರಿಗೆಲ್ಲ ಹೇಳಿದರು. ಸಣ್ಣರಂಗಯ್ಯನು ಮಾತ್ರ ಯಾರೊಡನೆಯೂ ಮಾತಾಡದೆ ನೇರವಾಗಿ ಬಾಗಿಲಿಗೆ ನಡೆದು, ದೇವರ ಎದುರು ನಿಂತು, ಹೀಗೆಂದನು:

“ಎಲೈ ಅಂಜನಾನಂದನ, ಶತಯೋಜನ ಸಾಗರವನ್ನು ಒಂದೇ ನೆಗೆತಕ್ಕೆ ದಾಟಿದವನೆ, ಪರ್ವತವನ್ನೇ ಹೂವಿನಂತೆ ಹೊತ್ತುತಂದವನೆ! ಒಂದು ಅಂಕದ ಭಾರ ನಿನಗೆ ಹೆಚ್ಚಾಯಿತೆ? ವಚನಭ್ರಷ್ಟನಾದ ನಿನ್ನ ಮುಖವನ್ನು ಸೂರ್ಯಚಂದ್ರರಿರುವವರೆಗೆ ನಾನು ನೋಡೆನು!”

ವೀರಗಾಥೆಯ ಮರ್ಯಾದೆಗೆ ಹೀಗೆ ಬರೆಯಬೇಕು, ಬರೆದೆವು. ಅಲ್ಲಿದ್ದವರು ಕಿವಿಯಾರೆ ಕೇಳಿದ್ದು ಇಷ್ಟು: “ಆಯ್ತಪ್ಪ. ನಲವತ್ತೊಂದು ವರ್ಷ ನನ್ ಕೈಲಿ ಎಲೆ ಹಾರ ಹಾಕಿಸ್ಕೊಂಡೆ. ಒಂದು ಪಾಯಿಂಟ್ ಕೊಡಕ್ ಆಗ್ಲಿಲ್ಲ ನಿಂಗೆ. ಇನ್ಮೇಲೆ ನೀನ್ಯಾರೋ, ನಾನ್ಯಾರೋ.”

ಕೇಳಿದವರು ಕೆನ್ನೆ ಬಡಿದುಕೊಂಡರು.

ಶಪಥ ಮಾಡುವುದು ಸುಲಭ, ಅದೇ ಬಾಗಿಲಲ್ಲಿ ದಿನಕ್ಕೆರಡು ಬಾರಿ ಹಾದುಹೋಗುವುದು ಕಷ್ಟ. ಅದಕ್ಕಾಗಿ ನಮ್ಮ ವೀರನು ಮಂಗಳವಾರ ಆಯುಧಾಗಾರದಿಂದ, ಎಂದರೆ ಅಟ್ಟದಿಂದ, ಕರಿಯ ಬಟ್ಟೆಯ ಹಳೆಯ ಕೊಡೆಯೊಂದನ್ನು ಇಳಿಸಿದನು. ಹನ್ನೆರಡು ಕಡ್ಡಿಯ, ಎರಡು ತೇಪೆಯ, ಮರದ ಹಿಡಿಯ ಆ ಮಹಾಛತ್ರವನ್ನು ಬಿಚ್ಚಿ, ತಲೆಯ ಮೇಲಲ್ಲ, ಎಡಗಡೆಗೆ ಗುರಾಣಿಯಂತೆ ಅಡ್ಡ ಹಿಡಿದು, ಮೋಡದ ಚೂರೂ ಇಲ್ಲದ ಆಕಾಶದ ಕೆಳಗೆ ಬಾಗಿಲನ್ನು ದಾಟಿದನು. ದೇವರು ಅವನಿಗೆ ಕಾಣಲಿಲ್ಲ. ಅವನು ದೇವರಿಗೆ ಕಂಡನೋ ಇಲ್ಲವೋ ಹೇಳಲಾರೆವು.

ಬಾಗಿಲ ಹೊರಗೆ ಸ್ಟೀಲ್ ಪಾತ್ರೆಯ ಅಂಗಡಿಯ ಜಗಲಿಯಲ್ಲಿ ಕುಳಿತಿದ್ದವನು ಚಿಕ್ಕತಿಮ್ಮಯ್ಯ. ಪೇಟೆವೀರಶಿಖಾಮಣಿ, ವಿಜಯಮದೋನ್ಮತ್ತ, ಜೊತೆಗೆ ಸಣ್ಣರಂಗಯ್ಯನ ಹೆಂಡತಿ ಲಕ್ಕಮ್ಮನ ಒಡಹುಟ್ಟಿದ ಅಣ್ಣ.

“ಏನ್ ಬಾವ, ಮಳೆ ಕೋಟೆಗ್ ಮಾತ್ರ ಬತ್ತಾ ಐತಾ?” ಎಂದನು.

“ಕೆಲವರ ಮುಖ ನೋಡಬಾರ್ದು ಅಂತ ಹಿಡ್ಕೊಂಡಿದೀನಿ. ಅದ್ರಲ್ಲಿ ನೀನೂ ಸೇರ್ಕೊ.”

“ದೇವರ ಸಾಲಲ್ಲಿ ನನ್ನೂ ಕೂರಿಸಿದ್ಯಲ್ಲ ಬಾವ, ದೊಡ್ಡ ಮನಸ್ಸು ನಿಂದು.”

ಇದಕ್ಕೆ ಉತ್ತರವಾಗಿ ನಮ್ಮ ನಾಯಕನು ಕೊಡೆಯನ್ನು ಮತ್ತಷ್ಟು ಬಿಗಿಯಾಗಿ ಹಿಡಿದು ಮುಂದೆ ನಡೆದನು.

ಬುಧವಾರ ಸಂಜೆ ಯುದ್ಧದಲ್ಲಿ ಒಂದು ಪ್ರಮಾದವಾಯಿತು. ಹೋಗುವಾಗ ಎಡಗಡೆಗಿದ್ದ ದೇವರು ಬರುವಾಗ ಬಲಗಡೆಗೆ ಇರುತ್ತಾನೆಂಬುದನ್ನು ಆ ದಿನ, ಮದುವೆಯೊಂದರ ಬಟ್ಟೆಗಳ ಗಡಿಬಿಡಿಯಲ್ಲಿ, ಅವನು ಮರೆತನು. ಕೊಡೆ ಎಡಗಡೆಗೇ ಇತ್ತು. ಮೂರು ಹೆಜ್ಜೆಗಳ ಕಾಲ ದೇವರೂ ಅವನೂ ಮುಖಾಮುಖಿಯಾದರು. ಆ ಮೂರು ಹೆಜ್ಜೆಯಲ್ಲಿ ಅವನಿಗೆ ಕಂಡದ್ದು, ಕಳೆದ ಶನಿವಾರ ತಾನೇ ಕಟ್ಟಿದ ವೀಳ್ಯದೆಲೆಯ ಹಾರ ಒಣಗಿ, ಅಂಚು ಮುದುರಿ, ದೇವರ ಮೈಮೇಲೆ ಇನ್ನೂ ಹಾಗೆಯೇ ಇದ್ದದ್ದು. ಮನೆಗೆ ಬಂದು ಕೊಡೆ ಮಡಿಸುವಾಗ ಕಡ್ಡಿಗೆ ಬೆರಳು ಸಿಕ್ಕಿಸಿಕೊಂಡನು. ಲಕ್ಕಮ್ಮ ಕೇಳಿದರೆ “ಏನಿಲ್ಲ” ಎಂದನು.

ಈ ಹಾರದ ವಿಚಾರ ತಿಳಿಯದಿದ್ದರೆ ಕಥೆ ತಿಳಿಯುವುದಿಲ್ಲ. ಬಾಗಿಲ ಆಂಜನೇಯನಿಗೆ ಪ್ರತಿ ಶನಿವಾರ ಎಲೆಯ ಹಾರ ಹಾಕುವ ಸೇವೆ ಸಣ್ಣರಂಗಯ್ಯನ ತಂದೆಯದು. ತಂದೆ ತೀರಿಕೊಂಡು ಸೂತಕ ಕಳೆದ ವಾರವೇ ಮಗನ ಕೈಗೆ ಬಂತು, ನಲವತ್ತೊಂದು ವರ್ಷವಾಯಿತು. ಮಗಳ ಮದುವೆಯ ದಿನ ಕೂಡ ಅವನು ಮೊದಲು ಹಾರ ಹಾಕಿ ಆಮೇಲೆ ಧಾರೆಗೆ ನಿಂತವನು. ಆ ಸೇವೆಯನ್ನು ತಾನಾಗಿ ಬಿಟ್ಟವನಿಗೆ ಅದು ಮರಳಿ ಸಿಗುವುದಿಲ್ಲವೆಂಬುದು ಆ ಗುಡಿಯ ಪದ್ಧತಿ.

ಗುರುವಾರ ಸಂಧಾನಕ್ಕಾಗಿ ಗುಡಿಯ ಅರ್ಚಕರು, ಶೇಷಾಚಾರ್ರು, ಸ್ವತಃ ದರ್ಜಿ ಅಂಗಡಿಗೆ ಬಂದರು. ಸ್ಟೂಲಿನ ಮೇಲೆ ಕುಳಿತು, ಸುತ್ತ ನೋಡಿ, ತಗ್ಗಿದ ದನಿಯಲ್ಲಿ ಹೇಳಿದರು: “ರಂಗಯ್ಯ, ಹೇಳಬಾರ್ದು, ಆದ್ರೂ ಹೇಳ್ತೀನಿ. ಹೋದ ಶನಿವಾರ ನೀವು ಬರೋದಕ್ಕೆ ಮುಂಚೆ, ಬೆಳಗ್ಗೆ ಆರಕ್ಕೇ ಪೇಟೆಯವರು ಬಂದು ಹೂ ಕೇಳಿದ್ರು.”

“ಅವರಿಗೆ ಎಡಕ್ಕೆ ಬಿತ್ತು ತಾನೆ?”

“ಬಲಕ್ಕೇ ಬಿತ್ತು.”

ಹೊಲಿಗೆಯಂತ್ರ ನಿಂತಿತು. “ಮತ್ತೆ ನಮಗೂ ಬಲಕ್ಕೇ ಬಿತ್ತಲ್ಲ ಸ್ವಾಮಿ.”

“ನಿಮಗೂ ಬಿತ್ತು. ನೀನೇ ಕಿವಿಗಿಟ್ಕೊಂಡ್ಯಲ್ಲ.”

“ಮೊದಲೇ ಯಾಕ್ ಹೇಳ್ಲಿಲ್ಲ?”

“ಒಬ್ಬರು ಕೇಳ್ಕೊಂಡಿದ್ದನ್ನ ಇನ್ನೊಬ್ಬರಿಗೆ ಹೇಳೋ ಹಾಗಿಲ್ಲಪ್ಪ.” ಆಚಾರ್ರು ಮೂಗಿನ ಮೇಲಿನ ಬೆವರು ಒರೆಸಿಕೊಂಡರು. “ಅದಿರ್ಲಿ. ಚಿಕ್ಕತಿಮ್ಮಯ್ಯ ಶನಿವಾರದ ಹಾರ ನಂಗೆ ಕೊಡಿ ಅಂತಿದಾನೆ. ಗೆದ್ದ ಸಂತೋಷ. ನೀನು ಬಿಟ್ಟೆ ಅಂದ್ರೆ ನಾನು ಇಲ್ಲ ಅನ್ನಕ್ಕಾಗಲ್ಲ. ಒಂದು ಮಾತು ಹೇಳು, ನಿಲ್ಲಿಸ್ತೀನಿ.”

ಆಗ ಸೂಚೀಖಡ್ಗಪಾಣಿಯು ಎದ್ದು ನಿಂತನು. ಸ್ವಾಭಿಮಾನಜ್ವಾಲೆಯಿಂದ ಅವನ ಮೀಸೆ ಕಂಪಿಸಿತು, ಕೊರಳ ಅಳತೆಪಟ್ಟಿಯು ಸರ್ಪದಂತೆ ತೂಗಾಡಿತು, ಕತ್ತರಿಯು ಮೇಜಿನಿಂದ ತಾನಾಗಿ ಜಾರಿ ಬಿತ್ತು. ಮೂರು ತಲೆಮಾರು ನೆನೆಯುವಂಥ ಮಾತನ್ನು ಅವನು ಆಡಿದನು.

“ಕೊಟ್ಬಿಡಿ,” ಎಂದನು.

ಆಚಾರ್ರು ಹೋದ ಮೇಲೆ, ಮದುವಣಿಗನ ಕೋಟಿಗೆ ಎರಡು ಎಡತೋಳುಗಳನ್ನು ಹೊಲಿದನು.

ಶುಕ್ರವಾರ ಬೆಳಗ್ಗೆ ಊಟಕ್ಕೆ ಕುಳಿತಾಗ ಲಕ್ಕಮ್ಮ ಮುದ್ದೆ ಇಟ್ಟು, ಸಾರು ಬಿಟ್ಟು, ಎದುರಿಗೇ ಕುಳಿತಳು. ತವರು ಪೇಟೆ, ಗಂಡನ ಮನೆ ಕೋಟೆ. ಫೈನಲ್ಲಿನ ದಿನ ಅವಳು ಎರಡೂ ಕಡೆ ಸೇರದೆ ಮನೆಯಲ್ಲಿ ಹಪ್ಪಳ ಒತ್ತಿದ್ದಳು.

“ಆಚಾರ್ರ ಹೆಂಡ್ತಿ ಎಲ್ಲಾ ಹೇಳಿದ್ರು,” ಎಂದಳು.

“ಇಬ್ಬರಿಗೂ ಹೂ ಎಂಗೆ ಕೊಟ್ಟ ಅವನು? ಅದೇನು ನ್ಯಾಯ?”

“ನೀವು ಯುಗಾದಿಗೆ ಏನ್ ಮಾಡ್ತೀರ? ಬಂದೋರ ಬಟ್ಟೆನೆಲ್ಲ ಇಸ್ಕೊತೀರ. ಆಯ್ತಮ್ಮ ಕೊಡ್ತೀನಿ, ಆಯ್ತಣ್ಣ ಕೊಡ್ತೀನಿ, ಹಬ್ಬಕ್ಕೇ ಕೊಡ್ತೀನಿ ಅಂತೀರ. ಹಬ್ಬದ ದಿನ ಕೊಡೋದು ಯಾರಿಗೆ? ನಾಲ್ಕು ಜನಕ್ಕೆ. ಉಳಿದೋರು ಹಳೇದು ಹಾಕ್ಕೊಂಡು ಓಡಾಡ್ತಾರೆ. ನಿಮ್ ಮುಖಕ್ಕೆ ಅಡ್ಡ ಯಾರಾದ್ರೂ ಕೊಡೆ ಹಿಡಿದವ್ರಾ?”

ಸಣ್ಣರಂಗಯ್ಯನು ಮುದ್ದೆ ಮುರಿದನು. ಬಾಯಿಗೆ ಹಾಕಲಿಲ್ಲ.

“ನಿಮ್ಮಪ್ಪನ ಕಾಲದ್ದನ್ನ ನಮ್ಮಣ್ಣನಿಗೆ ಕೊಟ್ಟು ಬಂದ್ರಲ್ಲ,” ಎಂದು ಅವಳು ಎದ್ದಳು. “ನಮ್ಮಣ್ಣನಿಗೆ ಒಂದು ಮಲ್ಲಿಗೆ ಮಾಲೆ ಕಟ್ಟಕ್ ಬರಲ್ಲ.”

ಬಂತು ಶನಿವಾರ. ನಮ್ಮ ನಾಯಕನು ಎಂದಿನ ಹೊತ್ತಿಗಿಂತ ಮೊದಲೇ, ಕೊಡೆ ಹಿಡಿದು, ಬಾಗಿಲ ಕಡೆಗೆ ಹೊರಟನು. ನೋಡದೆ ದಾಟಿಬಿಡುವುದೆಂದು ನಿಶ್ಚಯಿಸಿದ್ದನು. ಕೊಡೆ ಕಣ್ಣನ್ನು ಮುಚ್ಚಿತ್ತೇ ಹೊರತು ಕಿವಿಯನ್ನಲ್ಲ.

“ಇನ್ನೊಂಚೂರು ಎಳೀರಿ ಆಚಾರ್ರೇ,” ಎಂಬುದು ಚಿಕ್ಕತಿಮ್ಮಯ್ಯನ ದನಿ.

“ಎಳೆದ್ರೆ ಕಿತ್ತು ಬರತ್ತಪ್ಪ.”

“ಹಂಗಾದ್ರೆ ಇಲ್ಲೇ ಭುಜಕ್ಕೆ ಸಿಕ್ಕಿಸಿ.”

ಕೊಡೆ ಒಂದು ಗೇಣು ಕೆಳಗಿಳಿಯಿತು. ಅದರ ಅಂಚಿನ ಮೇಲಿಂದ ದರ್ಜಿಯ ಕಣ್ಣು ಕಂಡ ದೃಶ್ಯವನ್ನು ಏನೆಂದು ಬಣ್ಣಿಸೋಣ! ಲಂಕಾದಹನ ಮಾಡಿದ, ಅಕ್ಷಕುಮಾರನನ್ನು ಸದೆಬಡಿದ, ಆಳೆತ್ತರದ ಆ ವಜ್ರಕಾಯನ ಕೊರಳಿಗೆ ಪೇಟೆಯ ಹಾರವು ಎದೆಯ ಕೆಳಗೂ ಇಳಿಯದೆ, ಮೂರನೆಯ ಕ್ಲಾಸಿನ ಹುಡುಗನ ಅಂಗಿಯನ್ನು ಪೈಲ್ವಾನನಿಗೆ ತೊಡಿಸಿದಂತೆ, ಒಂದು ಕಡೆ ಮೇಲೆ ಒಂದು ಕಡೆ ಕೆಳಗೆ, ನೇತಾಡುತ್ತಿತ್ತು.

ಸೋಲನ್ನು ಸಹಿಸಬಹುದು. ದೇವರ ಮೋಸವನ್ನೂ ಸಹಿಸಬಹುದು. ತಪ್ಪು ಅಳತೆಯನ್ನು ಸಹಿಸಲು ಅವನಿಂದಾಗಲಿಲ್ಲ. ಕೊಡೆಯನ್ನು ಕಂಬಕ್ಕೆ ಒರಗಿಸಿ ಒಳಗೆ ಹೋದನು.

“ಯಾರು ಅಳತೆ ತಗೊಂಡೋರು?”

“ಅಳತೆ ಯಾಕೆ ಬಾವ, ಹಾರ ತಾನೆ,” ಎಂದನು ಚಿಕ್ಕತಿಮ್ಮಯ್ಯ. ಬೆವೆತು ನೀರಾಗಿದ್ದನು.

“ಹಾರ ತಾನೆ ಅಂತೆ. ಬಾಲ ಲೆಕ್ಕಕ್ಕೆ ಹಿಡಿದ್ಯಾ?”

“ಬಾಲನಾ?”

“ತಲೆ ಮ್ಯಾಲೆ ಎದ್ದು ನಿಂತೈತಲ್ಲ, ಅದೇನು ಟವೆಲ್ಲಾ? ಹಾರ ಅದರ ಮೇಲಿಂದ ಬರ್ಬೇಕು, ಎರಡೂ ಕಡೆ ಪಾದ ಮುಟ್ಟಬೇಕು. ತೆಗಿ, ತೆಗಿ. ಹೋಗಿ ಮೂರು ಕಟ್ಟು ಎಲೆ ತಗೊಂಬಾ. ದೊಡ್ಡೆಲೆ ಬ್ಯಾಡ, ಎಳೇದು. ಬಾಳೆನಾರು ನೆನೆಸಿದ್ದು ಐತಾ ಆಚಾರ್ರೇ?”

ಹೀಗೆ ಆರಂಭವಾಯಿತು ಆ ಮಹಾಯುದ್ಧದ ಕಡೆಯ ಘಟ್ಟ. ಪೇಟೆವೀರಶಿಖಾಮಣಿಯು ಎಲೆಗಳನ್ನು ಒರೆಸಿ ಒರೆಸಿ ಕೊಟ್ಟನು. ಕೋಟೆಯ ಕಲಿಯು ಕಲ್ಲುಹಾಸಿನ ಮೇಲೆ ಚಕ್ಕಳಮಕ್ಕಳ ಕುಳಿತು, ಅವನ್ನು ಎರಡೆರಡಾಗಿ ಮಡಿಸಿ, ನಾರಿನ ತುದಿಯನ್ನು ಹಲ್ಲಿನಲ್ಲಿ ಕಚ್ಚಿ, ಶರವೇಗದಿಂದ ಹಾರವನ್ನು ಬೆಳೆಸಿದನು. ಅರ್ಧ ಗಂಟೆಯಲ್ಲಿ ಹಾರ ಆಳುದ್ದ ಬೆಳೆಯಿತು. ಆಮೇಲೆ ಚಿಕ್ಕತಿಮ್ಮಯ್ಯ ಕೈಯಲ್ಲಿದ್ದ ಎಲೆಯನ್ನೇ ನೋಡುತ್ತ ಹೇಳಿದನು:

“ಬಾವ, ನಿಮ್ ಹುಡುಗ್ರು ಚೆನ್ನಾಗ್ ಆಡಿದ್ರು. ಕೊನೇ ಐದು ನಿಮಿಷ ನಾನು ಕಣ್ಣು ಮುಚ್ಕೊಂಡ್ ಕೂತಿದ್ದೆ. ನೋಡೇ ಇಲ್ಲ.”

ಆರು ದಿನದಲ್ಲಿ ಪೇಟೆಯಿಂದ ಯಾರೂ ಆಡದಿದ್ದ ಮಾತು ಅದು. ಸಣ್ಣರಂಗಯ್ಯನು ಬಾಯಲ್ಲಿದ್ದ ನಾರನ್ನು ಇನ್ನಷ್ಟು ಬಿಗಿಯಾಗಿ ಕಚ್ಚಿದನು. ನಾಲ್ಕೈದು ಎಲೆ ಕಟ್ಟಿದನು. ಕಣ್ಣಿಗೆ ಏನೋ ಬಿದ್ದಂತೆ ತೋಳಿನಿಂದ ಒರೆಸಿಕೊಂಡನು.

ಹಾರ ಮುಗಿಯಿತು. ಆಚಾರ್ರು ಅದನ್ನು ಎರಡು ಕೈಯಲ್ಲಿ ಎತ್ತಿ ಹಿಡಿದು, ಇಬ್ಬರ ಮುಖವನ್ನೂ ನೋಡಿ ಕೇಳಿದರು: “ಸಂಕಲ್ಪ ಯಾರ ಹೆಸರಲ್ಲಿ ಮಾಡ್ಲಿ?”

ಚಿಕ್ಕತಿಮ್ಮಯ್ಯ ಬಾವನ ಕಡೆ ನೋಡಿದನು. ಸಣ್ಣರಂಗಯ್ಯನು ಹಲ್ಲಿನಿಂದ ನಾರಿನ ತುಂಡನ್ನು ತೆಗೆದನು.

“ಅವನ ಹೆಸರಲ್ಲೇ ಮಾಡಿ,” ಎಂದನು. “ಗೆದ್ದೋನು ಅವನು.”

ಗುಡಿಯಲ್ಲಿದ್ದ ನಾಲ್ಕೈದು ಮಂದಿ ಕೋಟೆಯವರು ತಲೆಯೆತ್ತಿ ನೋಡಿದರು. ಕೋಟೆಯವನೊಬ್ಬನ ಬಾಯಿಂದ ಆ ಮಾತು ಬಂದದ್ದು ಅದೇ ಮೊದಲು.

“ಇದೊಂದು ವಾರ ಸಾಕು ಬಾವ,” ಎಂದನು ಚಿಕ್ಕತಿಮ್ಮಯ್ಯ. “ಮುಂದಿನ ವಾರದಿಂದ ನಿಂದೇ. ಆಚಾರ್ರೇ, ನಾನು ತಗೊಂಡೂ ಇಲ್ಲ, ಇವನು ಬಿಟ್ಟೂ ಇಲ್ಲ, ತಿಳೀತಾ. ಈ ಬಾಲದ ಸವಾಸ ನನಗ್ ಬ್ಯಾಡ.”

ಆಚಾರ್ರಿಗೂ ಬೇಕಾಗಿದ್ದದ್ದು ಅದೇ. ಹಾರ ಬಾಲದ ಮೇಲಿಂದ ಇಳಿದು, ಎರಡೂ ಕಡೆ ಸಮನಾಗಿ, ಪಾದ ಮುಟ್ಟಿತು. ಸಣ್ಣರಂಗಯ್ಯನು ಒಂದು ಹೆಜ್ಜೆ ಹಿಂದೆ ಸರಿದು, ತಲೆ ಓರೆ ಮಾಡಿ ನೋಡಿ, ಎಡಗಡೆ ಅರ್ಧ ಇಂಚು ಮೇಲಕ್ಕೆತ್ತಿದನು. ಆಮೇಲೆ ಕೈಮುಗಿದನು.

ಇಂತು ದೇವನೊಡನೆ ಆರು ದಿನ ಕಾದಾಡಿ, ಭಾವಮೈದುನನೊಡನೆ ಸಂಧಿಮಾಡಿಕೊಂಡು, ಪೂರ್ವಜರ ಸೇವಾಸಾಮ್ರಾಜ್ಯವನ್ನು ಮರಳಿ ಪಡೆದ ಸೂಚೀಖಡ್ಗಪಾಣಿಯು, ತುಳಸೀತೀರ್ಥಪುನೀತಕಂಠನಾಗಿ, ಕೋಸಂಬರಿಯನ್ನು ಅಂಗೈಯಲ್ಲಿ ಹಿಡಿದು, ವಿಜಯವೋ ಪರಾಜಯವೋ ಯಾರಿಗೂ ತಿಳಿಯದ ಗಾಂಭೀರ್ಯದಿಂದ ತನ್ನ ಅಂಗಡಿಗೆ ಬಂದನು. ಅಲ್ಲಿ ಬಸ್ ಕಂಡಕ್ಟರನೊಬ್ಬನು ಮುಂದುಗಡೆಗೆ ಟಿಕೆಟ್ ಚೀಲವನ್ನು ಅಡ್ಡ ಹಿಡಿದುಕೊಂಡು, ಮುಕ್ಕಾಲು ಗಂಟೆಯಿಂದ ನಿಂತಿದ್ದನು.

“ಎಲ್ಲಿಗ್ ಹೋಗಿದ್ರಣ್ಣ? ಪ್ಯಾಂಟಿನ ಜಿಪ್ಪು ಕಿತ್ತೋಗೈತೆ. ಗಾಡಿ ತುಂಬಾ ಜನ ಕೂತವ್ರೆ.”

ಸಣ್ಣರಂಗಯ್ಯನು ಕೋಸಂಬರಿಯನ್ನು ಅವನ ಕೈಗೂ ಅಷ್ಟು ಹಾಕಿ, ಕನ್ನಡಕ ಏರಿಸಿ, ಜಿಪ್ಪು ಹಾಕಿಕೊಟ್ಟನು. ಏಳೂವರೆಯ ಬಸ್ಸು ಆ ದಿನ ಎಂಟು ಗಂಟೆಗೆ ಹೊರಟಿತು.