ಗುರಾಣಿ ಇಳಿಸುವ ಗುಂಡಿ ಎಲ್ಲಿದೆ?

ಮಾನ್ಯರೇ,

'ಮೌನ ಖಡ್ಗ' ಎಂಬ ವಿಡಿಯೊ ಆಟವನ್ನು ಲೋಕಕ್ಕೆ ದಯಪಾಲಿಸಿದ ತಮ್ಮ ಕಂಪನಿಯ ಸಮಸ್ತ ಮಹನೀಯರಿಗೆ ಟಾಕೊರಾಡಿ ಊರಿನ ಎಬೊ ಕ್ವಾನ್ಸಾ, ಅಂದರೆ ಜನರನ್ನು ಸಾಗಿಸುವ ಟ್ರೊಟ್ರೊ ವ್ಯಾನುಗಳ ಬೆನ್ನ ಮೇಲೆ 'ದೇವರ ಸಮಯವೇ ಸರಿಯಾದ ಸಮಯ' ಎಂದು ಬಣ್ಣದಲ್ಲಿ ಬರೆದು ಹೊಟ್ಟೆ ಹೊರೆಯುವವನು, ಸಾಷ್ಟಾಂಗ ವಂದಿಸಿ ಬಿನ್ನವಿಸಿಕೊಳ್ಳುವುದೇನೆಂದರೆ, ನಾನು ತಮ್ಮ ಆಟವನ್ನು ಮೂರು ವರ್ಷ ಆಡಿದೆ, ಪೂರ್ತಿ ಪಳಗಿದೆ, ಹಾಳಾದೆ.

ತಮ್ಮ ಆಟದ ಘನತೆಯನ್ನು ಎಷ್ಟು ಹೊಗಳಿದರೂ ಸಾಲದು. ಅಲ್ಲಿ ಗುರಾಣಿ ಎತ್ತಿ ನಿಲ್ಲಬೇಕು, ಎದುರಾಳಿಯ ಭುಜ ಅಲುಗುವುದನ್ನೇ ಕಾಯಬೇಕು, ಅವನು ತಪ್ಪಿದ ಕ್ಷಣದಲ್ಲಿ ಮಾತ್ರ ಒಂದೇ ಒಂದು ಏಟು ಕೊಡಬೇಕು. ಅವಸರಪಟ್ಟು ಸತ್ತರೆ ಗಳಿಸಿದ್ದೆಲ್ಲ ಹೋಗಿ ಮೊದಲ ಬಾಗಿಲಿಗೇ ಹಿಂದಿರುಗಬೇಕು. ಗಂಟೆಗಿಷ್ಟೆಂದು ಕಾಸು ಕೊಟ್ಟು ನಾನು ಆಡುವ ಗೇಮ್ ಅಂಗಡಿಯಲ್ಲೇ ಪಕ್ಕದ ಟಿವಿಯಲ್ಲಿ ನನ್ನ ಗೆಳೆಯ, ವ್ಯಾನ್ ಚಾಲಕ ಫಿಫಿ ಆಡುತ್ತಿದ್ದ 'ಬೆಂಕಿ ದಾಳಿ'ಯಾದರೋ ಶುದ್ಧ ಅನಾಗರಿಕ ಆಟ: ನುಗ್ಗು, ಹೊಡೆ, ಸಾಯಿ, ಸತ್ತಲ್ಲೇ ಎದ್ದು ಮತ್ತೆ ನುಗ್ಗು. ಗುರಾಣಿಯೇ ಇಲ್ಲ. "ಎಬೊ, ನಿನ್ನ ಆಳು ಬದುಕಿದಾನೋ, ನಿಂತಲ್ಲೇ ಬೇರು ಬಿಟ್ನೋ?" ಎಂದು ಅವನು ಕೆಣಕಿದರೆ, "ಸುಮ್ನಿರೋ, ಇದು ತಲೆ ಇರೋರ ಆಟ" ಎಂದು ನಾನು ತಮ್ಮ ಪರವಾಗಿ ಉತ್ತರಿಸುತ್ತಿದ್ದೆ.

ಆ ಅಂಗಡಿಯ ಎದುರಿಗೇ ಅರಾಬಾ ಮೊಬೈಲ್ ರಿಪೇರಿ ಮಾಡುತ್ತಾಳೆ. ನಮ್ಮಿಬ್ಬರಿಗೂ ಅವಳ ಮೇಲೆ ಮನಸ್ಸು. ತಮ್ಮ ಶಿಷ್ಯನಾದ ನಾನು ಶಾಸ್ತ್ರೋಕ್ತವಾಗಿ ಕಾದೆ. ಕೆಡದ ಫೋನನ್ನೂ ಕೆಟ್ಟಿದೆಯೆಂದು ಒಯ್ದು ಕೊಟ್ಟು, ಅವಳು ತಲೆಯೆತ್ತಿ "ಇನ್ನೇನಾದ್ರೂ ಹೇಳೋದಿತ್ತಾ?" ಎಂದಾಗಲೆಲ್ಲ, ಇದು ತಕ್ಕ ಕ್ಷಣವಲ್ಲವೆಂದು ತೀರ್ಮಾನಿಸಿ, "ಚಾರ್ಜರ್ ವಯರ್ ಇದ್ಯಾ?" ಎಂದು ಕೇಳಿ ಕೊಂಡುಕೊಂಡು ಬಂದೆ. ನನ್ನ ಕೋಣೆಯಲ್ಲಿ ಈಗ ಚಾರ್ಜರ್ ವಯರುಗಳ ಒಂದು ಸಣ್ಣ ಕಾಡೇ ಬೆಳೆದಿದೆ.

ಫಿಫಿ ಮಾತ್ರ ಒಂದು ಭಾನುವಾರ ಚರ್ಚು ಮುಗಿದದ್ದೇ ತಡ, ನಮ್ಮಲ್ಲಿ ಹೆಣ್ಣು ಕೇಳಲು ಒಯ್ಯಬೇಕಾದ ಎರಡು ಬಾಟಲಿ ಜಿನ್ ಹಿಡಿದು ಅವಳ ಸೋದರಮಾವನ ಬಾಗಿಲು ತಟ್ಟಿದ. ಹಿರಿಯರಿಲ್ಲದೆ ಒಬ್ಬನೇ ಹೆಣ್ಣು ಕೇಳಲು ಬಂದವನನ್ನು ಮಾವ ಬಾಟಲಿ ಸಮೇತ ಹೊರಗಟ್ಟಿದರು. ಮುಂದಿನ ವಾರ ಚಿಕ್ಕಪ್ಪನನ್ನು ಕರೆದುಕೊಂಡು ಹೋದ. ಆ ಚಿಕ್ಕಪ್ಪ ಒಂದು ಬಾಟಲಿಯನ್ನು ದಾರಿಯಲ್ಲೇ ಮುಗಿಸಿದ್ದರಿಂದ ಫಿಫಿ ಮತ್ತೆ ಹೊರಬಿದ್ದ. ಮೂರನೆಯ ಸಲ ಸೋದರತ್ತೆಯರ ದಂಡನ್ನೇ ವ್ಯಾನಿಗೆ ತುಂಬಿಕೊಂಡು ನಗುನಗುತ್ತ ಹೋದ. ಮಾವ, "ಏನಮ್ಮ, ಈ ಬಾಟ್ಲಿ ತಗೊಳ್ಳಲಾ?" ಎಂದು ಕೇಳಿದರಂತೆ. ಅರಾಬಾ, "ತಗೊಳ್ಳಿ ಮಾವ" ಎಂದಳಂತೆ.

ಮರುದಿನ ನಾನು ಅವಳ ಅಂಗಡಿಗೆ ಹೋಗಿ ಕೊನೆಗೂ ಬಾಯಿ ಬಿಟ್ಟೆ. ಅವಳು ಸ್ಕ್ರೂಡ್ರೈವರ್ ಕೆಳಗಿಟ್ಟಳು. "ಎಷ್ಟು ಸಲ ಕೇಳ್ದೆ ಎಬೊ ನಿನ್ನ! ನೀನು ವಯರ್ ತಗೊಂಡು ಹೋಗ್ತಿದ್ದೆ. ಫಿಫಿ ಬೀಳ್ತಾನೆ, ಮಣ್ಣು ಕೊಡವ್ಕೊಂಡು ನಗ್ತಾ ಬರ್ತಾನೆ. ನೀನು ಬೀಳಬಾರ್ದು ಅಂತ ನಿಂತೇ ಬಿಟ್ಟೆ." ಮಹನೀಯರೇ, ಆ ಏಟನ್ನು ತಡೆಯುವ ಗುರಾಣಿ ತಮ್ಮ ಆಟದ ಯಾವ ಹಂತದಲ್ಲೂ ಸಿಗುವುದಿಲ್ಲ, ಎಲ್ಲ ಹಂತಗಳನ್ನೂ ದಾಟಿದವನು ಹೇಳುತ್ತಿದ್ದೇನೆ.

ಆದ್ದರಿಂದ ತಾವು ಮುಂದಿನ ಆವೃತ್ತಿಯಲ್ಲಿ ಗುರಾಣಿ ಇಳಿಸಿ ಬಾಯಿ ತೆರೆಯುವ ಗುಂಡಿಯೊಂದನ್ನು ದಯವಿಟ್ಟು ಜೋಡಿಸಬೇಕು. ಫಿಫಿಯ ವ್ಯಾನಿನ ಹಿಂದೆ ವಧೂವರರ ಹೆಸರು ಬರೆಯುವ ಕೆಲಸವೂ ನನ್ನ ಪಾಲಿಗೇ ಬಂದಿರುವುದರಿಂದ, ಅಕ್ಷರ ನಡುಗದಂತೆ ನನ್ನ ಕೈ ಹಿಡಿದುಕೊಳ್ಳಲು ತಮ್ಮ ನಿರ್ದೇಶಕರೊಬ್ಬರನ್ನು ಕಳುಹಿಸಿಕೊಡಬೇಕು. ಹಾಗೂ ಎಲ್ಲವನ್ನೂ ಕಳೆದು ಮೊದಲ ಬಾಗಿಲಿಗೆ ಹಿಂದಿರುಗಿಸುವ ತಮ್ಮ ಆ ಸುಪ್ರಸಿದ್ಧ ಸೌಲಭ್ಯವನ್ನು ನನಗೂ ಒಂದೇ ಒಂದು ಸಲ ಒದಗಿಸಬೇಕು.

ಇನ್ನೂ ಅದೇ ಭಂಗಿಯಲ್ಲಿ ನಿಂತಿರುವ,
ತಮ್ಮ ವಿಶ್ವಾಸಿ,
ಎಬೊ ಕ್ವಾನ್ಸಾ

ವಿ.ಸೂ.: ನಿನ್ನೆ 'ಬೆಂಕಿ ದಾಳಿ'ಯ ಪದ್ಧತಿಯನ್ನು ಪ್ರಯೋಗಿಸಿ ನೋಡಿದೆ. ಖಾರ ಹಚ್ಚಿದ ಬಾಳೆಹಣ್ಣು ಕರಿದು ಮಾರುವ ಎಕುವಾಳ ಬಾಣಲೆಯ ಮುಂದೆ ನೇರ ನುಗ್ಗಿ, "ನನ್ನನ್ನ ಮದ್ವೆ ಆಗ್ತೀಯಾ?" ಎಂದೆ. ಅವಳು ಬಾಣಲೆಯಿಂದ ಕಣ್ಣೆತ್ತದೆ, "ಮೊದ್ಲು ಸಾಲಲ್ಲಿ ನಿಂತ್ಕೊಳ್ಳಣ್ಣ" ಎಂದಳು. ನಾಳೆ ಮತ್ತೆ ಹೋಗುತ್ತಿದ್ದೇನೆ. ತಾವು ಮಾತ್ರ ಈ ಪತ್ರಕ್ಕೆ ಉತ್ತರಿಸಲು ಅವಸರಪಡಬೇಡಿ, ತಕ್ಕ ಕ್ಷಣ ಬರಲಿ.